ಲೆಕ್ಕದಕ್ಕ ತಪ್ಪಿಸಿದ ಲೆಕ್ಕ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಐವತ್ತೆರಡು ನಿಮಿಷಕ್ಕೆ ಲೆಕ್ಕದಕ್ಕ ಚರ್ಚಿನ ಪಕ್ಕದ ಕೋಣೆಯ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು, ಬೆಂಚುಗಳಲ್ಲಿ ಕೂತವರ ತಲೆ ಎಣಿಸುತ್ತಿದ್ದಳು. ತುಟಿ ಅಲುಗಾಡುತ್ತಿರಲಿಲ್ಲ. ಐದು ತಲೆಗೊಮ್ಮೆ ಹೆಬ್ಬೆರಳು ಮಾತ್ರ ತೋರುಬೆರಳನ್ನು ಒತ್ತುತ್ತಿತ್ತು.

ಈ ಅಭ್ಯಾಸ ಆಸ್ಪತ್ರೆಯ ಲ್ಯಾಬಿನಿಂದ ಬಂದದ್ದು. ಅಲ್ಲಿ ಅವಳು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣಗಳನ್ನು ಎಣಿಸಿದವಳು. ಈಗ ಆ ಕೆಲಸಕ್ಕೆ ಯಂತ್ರ ಬಂದಿದೆ. ಆದರೂ ಯಂತ್ರದ ಅಂಕಿ ಅನುಮಾನಕ್ಕೆ ಎಡೆಕೊಟ್ಟರೆ ಡಾಕ್ಟರುಗಳು, "ಅಕ್ಕನ ಕಣ್ಣಿಗೆ ಒಂದ್ಸಲ ಹಾಕಿ" ಎನ್ನುತ್ತಾರೆ. ಚರ್ಚಿನಲ್ಲಿ ಅವಳ ಎಣಿಕೆಗೆ ಇನ್ನೂ ಹೆಚ್ಚು ಬೆಲೆ. ಪ್ರಭು ಭೋಜನದ ಆರಾಧನೆಗೆ, ಎದ್ದು ಬಂದವರ ಕೈಗೆ ಪಾದ್ರಿ ಕೊಡುವ ರೊಟ್ಟಿಯ ತೆಳುವಾದ ಬಿಲ್ಲೆಗಳನ್ನು ಡಬ್ಬಿಯಿಂದ ತೆಗೆದು ತಟ್ಟೆಯಲ್ಲಿ ಜೋಡಿಸುವುದು, ಪಾತ್ರೆಗೆ ದ್ರಾಕ್ಷಾರಸ ಸುರಿಯುವುದು ಅವಳ ಕೆಲಸ. ಒಮ್ಮೆ ಮೇಜಿನ ಮೇಲಿಟ್ಟು ಪ್ರಾರ್ಥನೆ ಮಾಡಿದ ಬಿಲ್ಲೆ ಮತ್ತೆ ಡಬ್ಬಿಗೆ ಹೋಗುವಂತಿಲ್ಲ. ಉಳಿದದ್ದನ್ನು ಆರಾಧನೆ ಮುಗಿಯುವ ಮೊದಲೇ, ಎಲ್ಲರೆದುರು, ಪಾದ್ರಿಯೇ ತಿಂದು ಮುಗಿಸಬೇಕು. ಅದಕ್ಕೇ ಪ್ರತಿ ಭಾನುವಾರ ಪಾದ್ರಿಗಳು ನಿಲುವಂಗಿ ಹಾಕಿಕೊಳ್ಳುತ್ತಾ, "ಎಷ್ಟು?" ಎಂದು ಕೇಳುತ್ತಿದ್ದರು. ಅವಳು ಹೇಳಿದ ಅಂಕಿಯಂತೆ ಇಟ್ಟಾಗ ಒಂದೆರಡಕ್ಕಿಂತ ಹೆಚ್ಚು ಬಿಲ್ಲೆ ಉಳಿದ ನೆನಪು ಯಾರಿಗೂ ಇಲ್ಲ.

ಆ ಭಾನುವಾರ ನಿಲುವಂಗಿ ಹಾಕಿಕೊಳ್ಳುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ. ಆ ಚರ್ಚಿಗೆ ಬಂದ ಮೊದಲ ಹೆಣ್ಣು ಪಾದ್ರಿ. ಅದು ಅವಳ ಮೊದಲ ಆರಾಧನೆ.

ಆ ನಿಲುವಂಗಿ ತನ್ನದಾಗಬೇಕಿತ್ತು ಎಂದು ಅಕ್ಕ ಯಾರ ಬಳಿಯೂ ಹೇಳಿದವಳಲ್ಲ. ಗಂಡನಿಗೆ ಮಾತ್ರ ಗೊತ್ತಿತ್ತು, ಅದೂ ಅವನು ಊಹಿಸಿಕೊಂಡದ್ದು. ಚಿಕ್ಕವರಿದ್ದಾಗ ಹಾಸಿಗೆಯ ಚಾದರ ಹೆಗಲಿಗೆ ಹಾಕಿಕೊಂಡು ಅಕ್ಕ ಪಾದ್ರಿಯಾಗುತ್ತಿದ್ದಳು. ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ಒಬ್ಬಳೇ ಇಡೀ ಸಭೆ. ಬಿಸ್ಕತ್ತಿನ ಚೂರಿಗೆ ಬಾಯಿ ತೆರೆದು ಕೂರುವುದು ಸಭೆಯ ಕೆಲಸ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅಕ್ಕ ಆಟ ಬಿಟ್ಟು ನಿಜವಾಗಿಯೇ ಬಿಷಪ್ಪರ ಎದುರು ಹೋಗಿ ನಿಂತಳು. ಅವರು ಒಳ್ಳೆಯವರು. ಕೂರಿಸಿ, ಟೀ ತರಿಸಿ, "ದೇವರು ಕರೆದಿರಬಹುದಮ್ಮ, ಆದರೆ ಸಭೆ ಕರೆದಿಲ್ಲವಲ್ಲ" ಎಂದರು. ಮೇಜಿನ ಬಟ್ಟೆ, ಪಾತ್ರೆಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ ಎಂದು ಸೇರಿಸಿದರು. ಸಭೆಯ ದೊಡ್ಡ ಕೂಟದಲ್ಲಿ ಹೆಂಗಸರಿಗೂ ಪಾದ್ರಿ ದೀಕ್ಷೆ ಕೊಡಬಹುದೆಂದು ಮತ ಬೀಳುವ ಹೊತ್ತಿಗೆ ಹೊಸಬರ ವಯಸ್ಸಿನ ಮಿತಿಯನ್ನು ಅಕ್ಕ ದಾಟಿಯಾಗಿತ್ತು. ತಂಗಿ ದಾಟಿರಲಿಲ್ಲ.

ತಂಗಿಯ ದೀಕ್ಷೆಯ ದಿನ ಅಕ್ಕ ಅತ್ತಳು. ಪಕ್ಕದವರು ಸಂತೋಷಕ್ಕೆಂದು ತಿಳಿದು ಬೆನ್ನು ಸವರಿದರು. ಎರಡು ಬಗೆಯ ಕಣ್ಣೀರನ್ನೂ ಸ್ಲೈಡಿನ ಮೇಲಿಟ್ಟು ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ಮೊದಲ ಆರಾಧನೆಗೆ ಒಂದು ವಾರ ಇದ್ದಾಗ ತಂಗಿ ಹಿಂದಿನ ಪಾದ್ರಿಗಳ ನಿಲುವಂಗಿ ತೊಟ್ಟು, ಎರಡೂ ಕೈ ಚಾಚಿ ನಿಂತಳು. ಬೆರಳು ಕಾಣುತ್ತಿರಲಿಲ್ಲ.

"ತೋಳು ಉದ್ದ ಆಯ್ತಕ್ಕ."

"ಅವರು ಆರಡಿ ಆಳು. ನೀನು ಐದಕ್ಕೇ ಸಾಕು ಅಂತ ನಿಂತ್ಬಿಟ್ಟೆ." ಅಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ತೋಳು ಮಡಚತೊಡಗಿದಳು.

"ನಿನಗಾಗಿದ್ರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರ್ತಿತ್ತು ನೋಡು" ಎಂದು ತಂಗಿ ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಕ್ಕ ಬಾಯಿಂದ ಇನ್ನೊಂದು ಸೂಜಿ ತೆಗೆದು ಮಡಿಕೆಗೆ ಚುಚ್ಚಿದಳು.

ಆ ಸಂಜೆ ಮನೆಯಲ್ಲಿ ಅವಳು ಪಾತ್ರೆ ತಿಕ್ಕುವ ಸದ್ದು ಕೇಳಿ ಗಂಡ ಅಡಿಗೆಮನೆಗೆ ಬಂದ. ಅವನು ಕಾರು ಕಲಿಸುವವನು. ಪರರ ತಪ್ಪನ್ನು ಪಕ್ಕದ ಸೀಟಿನಲ್ಲಿ ಕೂತು ಸಹಿಸುವುದೇ ಅವನ ಉದ್ಯೋಗ.

"ಪಾಪ, ಆ ಪಾತ್ರೆ ನಿನಗೇನು ಮಾಡ್ತೇ?"

"ತಳ ಹಿಡಿದಿದೆ."

"ತಳ ಹಿಡಿದಿರೋದು ಪಾತ್ರೆಗಲ್ಲ. ನಿಮ್ಮ ಲ್ಯಾಬಲ್ಲಿ ಹೊಟ್ಟೆಕಿಚ್ಚಿಗೆ ಪರೀಕ್ಷೆ ಇಲ್ವೇನೇ? ಖಾಲಿ ಹೊಟ್ಟೇಲಿ ಒಂದು, ಊಟ ಆದ್ಮೇಲೆ ಒಂದು?"

"ನಿಮ್ಮ ಕಾರಲ್ಲಿ ಎರಡು ಬ್ರೇಕ್ ಇದೆಯಲ್ಲ, ಒಂದನ್ನ ಬಿಚ್ಚಿ ನಿಮ್ಮ ಬಾಯಿಗೆ ಹಾಕಿಸ್ಕೊಳ್ಳಿ" ಎಂದಳು. ಅವನು ನಗುತ್ತಾ ಹೊರಟುಹೋದ. ಪಾತ್ರೆಯ ಸದ್ದು ಮಾತ್ರ ಕಡಿಮೆಯಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೆಡ್‌ಮಾಸ್ತರರು ಸಕ್ಕರೆ ಪರೀಕ್ಷೆಗೆ ಲ್ಯಾಬಿಗೆ ಬಂದರು. ನಿವೃತ್ತರು, ಸಭೆಯ ಹಿರಿಯರು. ಹೆಣ್ಣು ಪಾದ್ರಿ ಬೇಡ ಎನ್ನುವ ಗುಂಪಿಗೆ ಅವರೇ ಮುಂದಾಳು. ತೋಳು ಮಡಚಿ ಕೈ ಕೊಟ್ಟವರು ಬಾಯನ್ನು ಮಾತ್ರ ಸುಮ್ಮನೆ ಬಿಡಲಿಲ್ಲ.

"ಅಲ್ಲಮ್ಮ, ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬಳಾದ್ರೂ ಹೆಂಗಸಿದ್ಲಾ ಹೇಳಿ?"

"ಹೆಡ್‌ಮಾಸ್ತರ್ ಒಬ್ಬರೂ ಇರಲಿಲ್ಲ ಸಾರ್. ಮುಷ್ಟಿ ಬಿಗಿ ಮಾಡಿ."

ಅವರು ನಕ್ಕರು. ಸೂಜಿ ಒಳಗೆ ಹೋದಾಗ ನಗು ನಿಂತಿತು, ಮಾತು ನಿಲ್ಲಲಿಲ್ಲ. "ನೋಡಿ, ಇದೇ ಜಗಳಕ್ಕೆ ಬೇರೆ ಬೇರೆ ದೇಶದ ಬಿಷಪ್ಪರು ಒಂದೇ ಮೇಜಿಗೆ ಕೂರೋದನ್ನೇ ಬಿಟ್ಟಿದ್ದಾರೆ. ಅವರು ಇವರನ್ನ ಒಪ್ಪಲ್ಲ, ಇವರು ಅವರನ್ನ ಒಪ್ಪಲ್ಲ. ಇವತ್ತು ಹೆಂಗಸಿಗೆ ದೀಕ್ಷೆ. ನಾಳೆ ಇಬ್ಬರು ಗಂಡಸರು ಕೈ ಹಿಡ್ಕೊಂಡು ಬಂದು ಆಶೀರ್ವಾದ ಮಾಡಿ ಅಂದ್ರೆ ಬೇಡ ಅನ್ನೋಕೆ ನಮಗೆ ಬಾಯಿ ಇರುತ್ತಾ? ಎಲ್ಲೋ ಒಂದು ಕಡೆ ಗೆರೆ ಎಳೀಬೇಕು. ಹೋಗಲಿ, ಅವರನ್ನ ಕರೆಯೋದಾದ್ರೂ ಹೇಗೆ? ಅಯ್ಯನವರು ಅನ್ನೋಕಾಗಲ್ಲ. ಅಮ್ಮನವರು ಅಂದ್ರೆ ಅಯ್ಯನವರ ಹೆಂಡತಿ."

"ಹೆಸರು ಹಿಡಿದು ಕರೀರಿ ಸಾರ್, ಚಿಕ್ಕೋಳಿದ್ದಾಗ ನಿಮ್ಮ ಕೈಯಲ್ಲೇ ಬೆತ್ತದೇಟು ತಿಂದೋಳು."

ಇದಿಷ್ಟು ಹೇಳಿದಳು. ಉಳಿದ ವಾದಗಳಿಗೆಲ್ಲ ಉತ್ತರ ಅವಳ ಬಳಿ ಇತ್ತು. ಬಿಷಪ್ಪರ ಮುಂದೆ ಹೇಳಲೆಂದು ಇಪ್ಪತ್ತಮೂರರಲ್ಲಿ ಬಾಯಿಪಾಠ ಮಾಡಿಕೊಂಡಿದ್ದವು ಇನ್ನೂ ಹಾಗೆಯೇ ಇದ್ದವು. ಅವನ್ನು ತಂಗಿಗಾಗಿ ಖರ್ಚು ಮಾಡಲು ಮಾತ್ರ ಮನಸ್ಸು ಬರಲಿಲ್ಲ. ಹತ್ತಿಯ ತುಂಡನ್ನು ಅವರ ತೋಳಿಗೆ ಒತ್ತಿಹಿಡಿದು ಸುಮ್ಮನಿದ್ದಳು. ಆ ಮೌನವನ್ನು ಅವರು ತಮ್ಮ ಕಡೆಯ ಮತವೆಂದು ಎಣಿಸಿಕೊಂಡರು.

"ನಾವು ಗಲಾಟೆ ಮಾಡಲ್ಲ. ಆರಾಧನೆಗೆ ಬರ್ತೀವಿ, ಭೋಜನಕ್ಕೆ ಏಳಲ್ಲ. ಎಪ್ಪತ್ತನಾಲ್ಕು ಜನ ಕೈ ಕಟ್ಟಿ ಕೂತೇ ಇರ್ತೀವಿ. ಸ್ವಂತ ಅಕ್ಕನೇ ಏಳಲಿಲ್ಲ ಅಂದ್ರೆ ಆಮೇಲೆ ಯಾರೂ ಮಾತಾಡೋ ಹಾಗಿಲ್ಲ ನೋಡಿ."

ಹೀಗಾಗಿ ಭಾನುವಾರ ಬಾಗಿಲ ಸಂದಿಯಲ್ಲಿ ನಿಂತಾಗ ಅವಳ ಬಳಿ ಎರಡು ಅಂಕಿಗಳಿದ್ದವು. ಬೆಂಚಿನ ಮೇಲೆ ಇದ್ದವರು ನೂರ ಮೂವತ್ತೆರಡು. ಎದ್ದು ಬರುವವರು ಐವತ್ತೆಂಟು.

"ಅಕ್ಕ, ಎಷ್ಟು?"

"ನೂರ ಮೂವತ್ತೆರಡು."

ಲ್ಯಾಬಿನಲ್ಲಾಗಲಿ ಚರ್ಚಿನಲ್ಲಾಗಲಿ ಅವಳು ಬೇಕೆಂದೇ ತಪ್ಪು ಅಂಕಿ ಹೇಳಿದ್ದು ಅದೇ ಮೊದಲು. ಬಿಲ್ಲೆಗಳನ್ನು ಸಾಲಾಗಿ, ಒಂದೂ ಮುಕ್ಕಾಗದಂತೆ ಜೋಡಿಸಿದಳು. ಉಳಿಯುವ ಒಂದೊಂದು ಬಿಲ್ಲೆಯೂ ನಿನ್ನ ಕೈಯಿಂದ ಬೇಡ ಎಂದ ಒಬ್ಬೊಬ್ಬರ ಲೆಕ್ಕ. ಅದನ್ನು ತಂಗಿ ಎಲ್ಲರೆದುರು ಅಗಿದು ನುಂಗಬೇಕು. ದ್ರಾಕ್ಷಾರಸ ಸುರಿಯುವಾಗ ಮಾತ್ರ ಅಕ್ಕನ ಕೈ ಬೇಗ ನಿಂತಿತು. ತಂಗಿಗೆ ಚಿಕ್ಕಂದಿನಿಂದಲೂ ಹೊಟ್ಟೆ ಸೂಕ್ಷ್ಮ. ಉಳಿದ ವೈನನ್ನೂ ಅವಳೇ ಕುಡಿದು ಮುಗಿಸಬೇಕು, ಖಾಲಿ ಹೊಟ್ಟೆಗೆ ಅಷ್ಟು ಇಳಿದರೆ ತಲೆ ಸುತ್ತುತ್ತದೆ. ಐವತ್ತೆಂಟು ಜನಕ್ಕೆ ಆಗುವಷ್ಟನ್ನೇ ಸುರಿದು ಮುಚ್ಚಳ ಹಾಕಿದಳು.

ತಂಗಿ ಚೆನ್ನಾಗಿಯೇ ನಡೆಸಿದಳು. ಅದೇ ಅಕ್ಕನಿಗೆ ಕಷ್ಟವಾಯಿತು. ಎಲ್ಲಿ ತಡೆದು ನಿಲ್ಲಬೇಕೋ ಅಲ್ಲಿ ನಿಂತಳು, ಎಲ್ಲಿ ದನಿ ತಗ್ಗಬೇಕೋ ಅಲ್ಲಿ ತಗ್ಗಿಸಿದಳು. ಎಲ್ಲವೂ ಚಾದರದ ದಿನಗಳಲ್ಲಿ ಅಕ್ಕ ಮಾಡುತ್ತಿದ್ದ ಹಾಗೆಯೇ. ಅವಳು ರೊಟ್ಟಿಯನ್ನು ಎತ್ತಿಹಿಡಿದಾಗ ಕೋಣೆಯ ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅಕ್ಕನ ಮಣಿಕಟ್ಟು ತಾನಾಗಿ ಮೇಲೆದ್ದಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಮಡಿಲಿಗೆ ಒತ್ತಿಕೊಂಡಳು.

ಭೋಜನಕ್ಕೆ ಕರೆ ಬಂದಾಗ ಅರ್ಧಕ್ಕಿಂತ ಕಡಿಮೆ ಜನ ಎದ್ದರು. ಉಳಿದವರು ಕೈ ಕಟ್ಟಿ ಕೂತರು. ಅಕ್ಕನೂ ಏಳಲಿಲ್ಲ. ದೂರದಿಂದ ಹೆಡ್‌ಮಾಸ್ತರರು ಅವಳ ಕಡೆ ನೋಡಿ, ಸರಿಯುತ್ತರ ಕೊಟ್ಟ ವಿದ್ಯಾರ್ಥಿಯನ್ನು ಮೆಚ್ಚಿದಂತೆ ತಲೆಯಾಡಿಸಿದರು. ಅದು ಅವಳಿಗೆ ಹಿಡಿಸಲಿಲ್ಲ. ತನ್ನದು ಹೊಟ್ಟೆಕಿಚ್ಚು, ಅವರದು ನಂಬಿಕೆ. ಎರಡನ್ನೂ ಒಂದೇ ತಟ್ಟೆಗೆ ಹಾಕಿ ತೂಗುತ್ತಿದ್ದಾರಲ್ಲ ಎನಿಸಿತು.

ಸಾಲು ಮುಗಿಯಿತು. ತಂಗಿ ತಟ್ಟೆಯನ್ನೊಮ್ಮೆ ನೋಡಿ, ಮೇಜಿನ ಮುಂದೆಯೇ ನಿಂತು ಉಳಿದದ್ದನ್ನು ತಿನ್ನತೊಡಗಿದಳು. ಒಂದು. ಇನ್ನೊಂದು. ಒಣ ಬಿಲ್ಲೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಬೇಗ ಇಳಿಯುವುದಿಲ್ಲ. ಹಿಂದಿನ ಬೆಂಚಿನಿಂದ ಯಾರೋ, "ತಿನ್ನಲಿ ಬಿಡಿ, ಆಸೆಪಟ್ಟು ಬಂದಿದ್ದಲ್ವಾ" ಎಂದರು. ಮೊದಲ ಹತ್ತು ಬಿಲ್ಲೆಗಳವರೆಗೆ ಅಕ್ಕನಿಗೆ ಹಿತವಾಗಿಯೇ ಇತ್ತು. ಆಮೇಲೆ ತಂಗಿ ನುಂಗಲಾರದೆ ಕತ್ತು ಚಾಚಿದಳು. ಜ್ವರದ ಮಾತ್ರೆ ನುಂಗುವಾಗಲೂ ಅವಳು ಹಾಗೆಯೇ ಕತ್ತು ಚಾಚುತ್ತಿದ್ದಳು. ಆಗ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅಕ್ಕ.

ತಂಗಿ ತಟ್ಟೆ ಹಿಡಿದುಕೊಂಡು ನೇರವಾಗಿ ಅಕ್ಕನ ಕುರ್ಚಿಯ ಬಳಿ ಬಂದಳು. ಇಡೀ ಚರ್ಚು ನೋಡುತ್ತಿತ್ತು, ಆದರೆ ಮಾತು ಇಬ್ಬರಿಗೆ ಮಾತ್ರ ಕೇಳುವಷ್ಟಿತ್ತು.

"ರೊಟ್ಟಿ ಇಷ್ಟೊಂದು ಉಳಿದಿದೆ. ವೈನ್ ಮಾತ್ರ ಬಂದೋರಿಗೆ ಸರಿಯಾಗಿ ಮುಗೀತು. ಕೈ ತಪ್ಪಿತಾ ಅಕ್ಕ?"

ಅಕ್ಕ ತಟ್ಟೆಯನ್ನೇ ನೋಡುತ್ತಿದ್ದಳು. "ಇಲ್ಲ."

"ಗೊತ್ತಿತ್ತು. ವೈನ್ ನೋಡಿದಾಗಲೇ ಗೊತ್ತಾಯ್ತು." ತಂಗಿ ಉಗುಳು ನುಂಗಿಕೊಂಡಳು. "ಆಟದಲ್ಲಿ ಒಂದು ದಿನಾನೂ ನನಗೆ ಚಾದರ ಕೊಡಲಿಲ್ಲ ನೀನು. ನನಗೂ ಹೊಟ್ಟೆ ಉರೀತಿತ್ತು. ಆದ್ರೂ ಬಾಯಿ ತೆರೆದು ಕೂರ್ತಿದ್ದೆ."

"ಬಿಸ್ಕತ್ತಿನಾಸೆಗೆ."

"ಹ್ಞೂಂ, ಬಿಸ್ಕತ್ತಿನಾಸೆಗೇ. ಈಗ ಕೈ ಚಾಚು, ನನ್ನ ಗಂಟಲು ಒಣಗಿಹೋಗಿದೆ."

ಉಳಿದ ರೊಟ್ಟಿಗೆ ಕೈಜೋಡಿಸಬೇಕಾದರೆ ಮೊದಲು ಅದನ್ನು ಭೋಜನವಾಗಿ ಸ್ವೀಕರಿಸಬೇಕು. ಸ್ವೀಕರಿಸಿದರೆ ತಂಗಿಯ ಕೈ ಪಾದ್ರಿಯ ಕೈ ಎಂದು ಎಲ್ಲರೆದುರು ಒಪ್ಪಿದ ಹಾಗೆ. ಹೆಡ್‌ಮಾಸ್ತರರು ಕತ್ತೆತ್ತಿ ನೋಡುತ್ತಿದ್ದರು. ಅಕ್ಕ ಕುರ್ಚಿಯಿಂದ ಎದ್ದಳು. ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು ಚಾಚಿದಳು. ತಂಗಿ ಬಿಲ್ಲೆ ಇಟ್ಟು, ಹೇಳಬೇಕಾದ ಮಾತನ್ನು ಹೇಳಿದಳು. "ಆಮೆನ್" ಎನ್ನುವಾಗಲೂ ಅಕ್ಕನ ಹೊಟ್ಟೆಯಲ್ಲಿ ಆ ಕಿಚ್ಚು ಇದ್ದೇ ಇತ್ತು. ಅದನ್ನು ಬಿಟ್ಟು ಬರುವಷ್ಟು ಹೊತ್ತು ಸಿಕ್ಕಿರಲಿಲ್ಲ, ಜೊತೆಗೇ ಕರೆದುಕೊಂಡು ಬಂದಿದ್ದಳು. ಆಮೇಲೆ ಅಕ್ಕ ಒಳಗಿನಿಂದ ಒಂದು ಲೋಟ ನೀರು ತಂದಳು. ಇಬ್ಬರೂ ಮೇಜಿನ ಪಕ್ಕ ನಿಂತು, ಕೊನೆಯ ಚೂರಿನವರೆಗೆ ತಿಂದು ಮುಗಿಸಿದರು.

ಹೊರಗೆ ಮೆಟ್ಟಿಲ ಬಳಿ ಹೆಡ್‌ಮಾಸ್ತರರು ಅವಳನ್ನು ತಡೆದರು. "ನೀವು ಹೀಗೆ ಮಾಡ್ತೀರಿ ಅಂತ ಅಂದ್ಕೊಂಡಿರ್ಲಿಲ್ಲಮ್ಮ."

"ನಾನೂ ಅಂದ್ಕೊಂಡಿರ್ಲಿಲ್ಲ ಸಾರ್. ನಿಮ್ಮ ಸಕ್ಕರೆ ಜಾಸ್ತಿ ಬಂದಿದೆ, ನಾಳೆ ಬಂದು ರಿಪೋರ್ಟ್ ತಗೊಂಡ್ಹೋಗಿ."

ಅವರು ಬಂದು ತೆಗೆದುಕೊಂಡು ಹೋದರು. ಮುಂದಿನ ಭಾನುವಾರದಿಂದ ತಮ್ಮ ಗುಂಪನ್ನೂ ರಸ್ತೆಯಾಚೆಯ ಶಾಲೆಯ ಹಾಲಿಗೆ ಕರೆದುಕೊಂಡು ಹೋದರು. ಬೇರೆ ಬಿಷಪ್ಪರೊಬ್ಬರು ಅವರಿಗೆ ಪಾದ್ರಿಯನ್ನು ಕಳಿಸಿದ್ದರು. ಎರಡೂ ಕಡೆ ಅಂದು ಒಂದೇ ಕೀರ್ತನೆ. ಶಾಲೆಯಲ್ಲಿದ್ದವರು ಹಾಡಿನಲ್ಲಿ ಅರ್ಧ ಸಾಲು ಹಿಂದೆ ಇದ್ದರು.

ಅಕ್ಕ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು. ಖಾಲಿ ಬೆಂಚುಗಳ ನಡುವೆ ಎಣಿಕೆ ಬೇಗ ಮುಗಿಯಿತು. ಬಾಗಿಲ ಬಳಿಯ ತನ್ನ ಕುರ್ಚಿ ಬಿಟ್ಟರೆ, ಕೂತಿದ್ದವರು ಐವತ್ತೆಂಟು ಜನ. ಹಿಂದೆ ತಂಗಿ ನಿಲುವಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದಳು. ಮಡಿಕೆ ಅಚ್ಚುಕಟ್ಟಾಗಿ ಕೂತಿತ್ತು, ಅಕ್ಕ ಹಾಕಿದ ಹೊಲಿಗೆಯಲ್ಲವೇ. ಆ ಬಟ್ಟೆಯನ್ನು ಕಂಡಾಗೆಲ್ಲ ಒಳಗೆ ಚುರ್ರೆನ್ನುವುದು ಆ ದಿನವೂ ಚುರ್ರೆಂದಿತು.

"ಅಕ್ಕ, ಎಷ್ಟು?"

ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ತಿರುಗಿ ನೋಡದೆ ಹೇಳಿದಳು: "ಐವತ್ತೊಂಬತ್ತು."