ಅಕ್ರಾದ ಹೆಂಗಸರಿಗೆ ಕೌದಿ

ಆವತ್ತು ಬೆಳಿಗ್ಗೆಯೂ ಎಂದಿನಂತೆ ಉಪ್ಪಿಟ್ಟಿಗೆ ರವೆ ಹುರಿದೆ, ಮಗಳ ನೀರಿನ ಬಾಟಲಿ ತೊಳೆದೆ, ಸ್ಕೂಲ್ ಬಸ್ಸಿನ ಕೆಂಪು ದೀಪ ಆರುವವರೆಗೆ ಕಿಟಕಿಯಲ್ಲಿ ನಿಂತೆ. ಪಾರ್ಸಿಪನಿಯ ಈ ಅಪಾರ್ಟ್‌ಮೆಂಟಿನಲ್ಲಿ ನನ್ನ ದಿನದ ಮುಖ್ಯ ಕೆಲಸ ಅಲ್ಲಿಗೆ ಮುಗಿದಂತೆ. ಆದರೆ ಆ ದಿನ ಊಟದ ಮೇಜಿನ ಮೇಲೆ ಹಳೆ ಸೀರೆ, ದಪ್ಪ ಸೂಜಿ, ಕೆಂಪು ದಾರದ ಉಂಡೆ ತೆಗೆದಿಟ್ಟಿದ್ದೆ. ಮಧ್ಯಾಹ್ನ ನನ್ನ ಮೊದಲ ಕ್ಲಾಸ್ ಇತ್ತು.

ಎದುರು ಮನೆಯಾಕೆ ಘಾನಾದವಳು; ನರ್ಸಿಂಗ್ ಹೋಮಿನಲ್ಲಿ ನೈಟ್ ಶಿಫ್ಟ್. ಹಿಂದಿನ ವಾರ ನಮ್ಮ ಸೋಫಾದ ಮೇಲಿನ ಕೌದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರೊಳಗೆ ಎಷ್ಟು ಬಟ್ಟೆ ಹಿಡಿಸುತ್ತದೆ ಎಂದು ಕೇಳಿದ್ದಳು. ಆರೇಳು ಸೀರೆ ನುಂಗುತ್ತದೆ, ಹರಿದದ್ದು, ಬಣ್ಣ ಹೋದದ್ದು ಎಲ್ಲ ನಡೆಯುತ್ತದೆ ಎಂದೆ. ತಕ್ಷಣ ಫೋನ್ ತೆಗೆದು ತನ್ನೂರು ಅಕ್ರಾದ ಕಡಲ ದಂಡೆ ತೋರಿಸಿದಳು. ಮರಳಲ್ಲಿ ಅರ್ಧ ಹೂತ ಪ್ಯಾಂಟು, ಟೀ ಶರ್ಟುಗಳು ಒಂದಕ್ಕೊಂದು ಹೊಸೆದು ಹಗ್ಗದಂತಾಗಿದ್ದವು. ಬಲೆ ಬೀಸಿದರೆ ಮೀನಿಗಿಂತ ಮೊದಲು ಅವೇ ಬರುತ್ತವಂತೆ. ಇಲ್ಲಿ ನಾವು ದಾನ ಕೊಟ್ಟ ಬಟ್ಟೆ ಮೂಟೆ ಮೂಟೆಯಾಗಿ ಅಲ್ಲಿಯ ಮಾರ್ಕೆಟ್ಟಿಗೆ ಹೋಗುತ್ತದೆ. ಮಾರಲಾಗದ್ದು ಚರಂಡಿ ಹಿಡಿದು ಸಮುದ್ರ ಸೇರುತ್ತದೆ. ಅವಳ ತಂಗಿಯ ಅಂಗಡಿ ಆ ಮಾರ್ಕೆಟ್ಟಿನಲ್ಲೇ ಇದೆ. ಸಮುದ್ರಕ್ಕೆ ಹೋಗುವ ಬಟ್ಟೆ ಹಿಡಿದು ಹೊದಿಕೆ ಮಾಡೋಣವೆಂದು ಆ ತಂಗಿ ಒಂದಷ್ಟು ಹೆಂಗಸರನ್ನು ಕೂಡಿಸಿದ್ದಾಳೆ. ಎಲ್ಲರಿಗೂ ಹೊಲಿಗೆ ಬರುತ್ತದೆ. ಇಷ್ಟು ಪದರ ಜಾರದಂತೆ ಕೂರಿಸುವುದು ಬರುವುದಿಲ್ಲ.

"ಸಿಸ್ಟರ್, ನೀನು ವಿಡಿಯೋದಲ್ಲಿ ಕಲಿಸು" ಅಂದಳು.

ಯಾರಾದರೂ ಸಿಸ್ಟರ್ ಅಂದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕರವಸ್ತ್ರದ ಮೇಲೆ ಕ್ರಾಸ್ ಸ್ಟಿಚ್ ಕಲಿಸಿದರು. ಕೌದಿ ಕಲಿಸಿದ್ದು ಅಜ್ಜಿ. ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತ ಬಂದು, ಕಡೆಗೆ ನಡುವೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದಳು, ಕೌದಿ ಹಸಿದಿರಬಾರದು ಅಂತ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ವಾರವೆಲ್ಲ ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದ್ದೆ. ಈ ದೇಶಕ್ಕೆ ಬಂದಮೇಲೆ, ನನಗೆ ಕಲಿಸು ಎಂದು ಯಾರೂ ಕೇಳಿರಲಿಲ್ಲ.

ಯಜಮಾನರು ಲಂಚ್ ಬ್ಯಾಗ್ ಎತ್ತಿಕೊಳ್ಳುವಾಗ ಮೇಜು ನೋಡಿದರು.

"ಇದೇನ, ಅಂಗಡಿ ಹಚ್ಚೀ ಏನು?"

ಹೇಳಿದೆ.

"ರೊಕ್ಕ ಕೊಡ್ತಾರೇನು?"

"ಏನೋ ಸ್ವಲ್ಪ ಕಳಸ್ತೀವಿ ಅಂದಾರ್ರೀ. ನಾ ಬ್ಯಾಡ ಅಂತೀನಿ."

"ರೊಕ್ಕ ತಗೊಂಡ್ರೂ ಬಿಟ್ರೂ ಕ್ಲಾಸ್ ಕ್ಲಾಸೇ. ನೀ ಡಿಪೆಂಡೆಂಟ್ ವೀಸಾದಾಗ ಇದ್ದಿ, ಕೆಲಸ ಮಾಡೂಹಂಗಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರೂತನಕ ಏನೂ ಹೊಸಾದು ಬ್ಯಾಡ. ಲಾಯರ್‌ಗೆ ಮೇಲ್ ಹಾಕ್ತೀನಿ, ತಡಿ."

"ಕೌದಿ ಹೊಲಿಯೂದಕ್ಕೂ ಲಾಯರ್ ಬೇಕೇನ್ರೀ?"

ಅವರು ನಗಲಿಲ್ಲ. ಬಗ್ಗಿ ಶೂ ಲೇಸ್ ಕಟ್ಟುತ್ತ, "ನನಗೇನು ಬ್ಯಾರೆ ಕಂಪನಿಗೆ ಹೋಗೋ ಆಶಾ ಇಲ್ಲೇನು? ನಾನೂ ಕೂತೀನಲ್ಲ ಸುಮ್ನ" ಅಂದರು. ಅವರು ಹೊರಟಮೇಲೆ ಬಾಗಿಲು ಹಾಕಿಕೊಂಡೆ.

ಮಗಳಿಗೆ ಸಣ್ಣದಾದ ಬಟ್ಟೆಗಳ ಚೀಲ ಪಾರ್ಕಿಂಗ್ ಲಾಟಿನ ದಾನದ ಡಬ್ಬಿಗೆ ಹೋಗಬೇಕಿತ್ತು. ಹೊತ್ತುಕೊಂಡು ಹೋದೆ. ಡಬ್ಬಿಯ ಬಾಯಿ ಎಳೆದಾಗ ಅಕ್ರಾದ ಆ ಮರಳ ದಂಡೆ ಕಣ್ಣ ಮುಂದೆ ಬಂತು. ಮುಚ್ಚಿ, ಚೀಲವನ್ನು ವಾಪಸ್ ತಂದೆ. ಬಟ್ಟೆಯ ಕಪಾಟಿನಲ್ಲಿ ಜಾಗವಿರಲಿಲ್ಲ, ಮಂಚದ ಕೆಳಗೆ ಸೂಟ್‌ಕೇಸುಗಳು. ಕಡೆಗೆ ಬಾತ್‌ಟಬ್ಬಿನೊಳಗೆ ಇಟ್ಟು ಪರದೆ ಎಳೆದೆ.

ಮಧ್ಯಾಹ್ನ ಫೋನ್ ಬಂತು. ಸ್ಕ್ರೀನಿನ ಮೇಲೆ ಘಾನಾದ ನಂಬರು. ಮಗುಚಿ ಇಟ್ಟೆ. ಅದು ನಡುಗುತ್ತ ನಡುಗುತ್ತ ಮೇಜಿನ ತುದಿಗೆ ಸರಿಯಿತು. ಕೈಯಡ್ಡ ಹಿಡಿದೆ, ಎತ್ತಲಿಲ್ಲ. ಎರಡನೇ ಸಲ ಬಂದು ನಿಂತಮೇಲೆ ಮೆಸೇಜ್ ಹಾಕಿದೆ: ಲಾಯರನ್ನು ಕೇಳಬೇಕಾಗಿದೆ, ದಯವಿಟ್ಟು ಸ್ವಲ್ಪ ತಡೆಯಿರಿ. ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಯಜಮಾನರ ಮೆಸೇಜ್ ಬಂತು: ಲಾಯರ್ ಪ್ರಕಾರ ಮಾಡದಿರುವುದೇ ಒಳ್ಳೆಯದಂತೆ.

ಸಂಜೆ ಲಾಂಡ್ರಿ ರೂಮಿನಲ್ಲಿ ಎದುರು ಮನೆಯಾಕೆ ಸಿಕ್ಕಳು. ಡ್ಯೂಟಿಗೆ ಹೊರಡುವ ಮುಂಚೆ ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಶುರುಮಾಡಿದೆ. "ನಮ್ಮ ಲಾಯರ್ ಹೇಳಿದ್ದು ಏನಂದರೆ..."

"ಓ, ಅದಾ? ತಲೆ ಕೆಡಿಸಿಕೊಳ್ಳಬೇಡ ಸಿಸ್ಟರ್" ಅಂದಳು, ಹೊದಿಕೆಯ ತುದಿಯನ್ನು ಗದ್ದದಡಿ ಹಿಡಿದು ಮಡಚುತ್ತ. "ಯಾವುದೋ ವಿಡಿಯೋ ನೋಡಿಕೊಂಡು ಅವರೇ ಶುರುಮಾಡಿಬಿಟ್ಟರು. ಈ ಮಷೀನು ಸರಿ ಒಣಗಿಸ್ತಿಲ್ಲ ನೋಡು, ನೀನು ಆ ಕಡೆಯದಕ್ಕೆ ಹಾಕ್ಕೋ."