ನೋಂದಾಯಿತ ವಿಳಾಸ

ಹಾಸನದ ಪೊಲೀಸ್ ಕಚೇರಿಯಲ್ಲಿ ವಿದೇಶಿಯರ ವಿಭಾಗ ಎಂದರೆ ಕಾರಿಡಾರಿನ ಕೊನೆಯಲ್ಲಿದ್ದ ಒಂದು ಮೇಜು, ಒಂದು ಕಬ್ಬಿಣದ ಬೀರು ಮತ್ತು ಒಬ್ಬ ಹೆಡ್ ಕಾನ್‌ಸ್ಟೇಬಲ್. ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಿಂಗಪುರದಿಂದ ವಾಪಸು ಬಂದಾಗ, ತಮ್ಮನನ್ನು ಜೊತೆ ಮಾಡಿಕೊಂಡು ಮೊದಲ ಸಲ ಅಲ್ಲಿಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ನನ್ನ ಪಾಸ್‌ಪೋರ್ಟ್ ನೋಡಿದರು, ನಾನು ಉಟ್ಟಿದ್ದ ಸೀರೆ ನೋಡಿದರು, ಆಮೇಲೆ ತಮ್ಮನನ್ನು ಕೇಳಿದರು: "ಇವರಿಗೆ ಕನ್ನಡ ಬತ್ತದಾ?"

"ಬತ್ತದೆ ಕಣಪ್ಪ. ನಾನು ಆಲೂರು ಕಡೆಯೋಳೇ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಮಾತು ನಮ್ಮಜ್ಜಿ ಮಾತಾಡ್ದಂಗೈತೆ. ಈಗ ಯಾರೂ ಹಿಂಗೆ ಮಾತಾಡಲ್ಲ ಕಣಮ್ಮ."

ಅದು ನಿಜವೇ ಇರಬೇಕು. ನಾನು ಮದುವೆಯಾಗಿ ಊರು ಬಿಟ್ಟಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಿಂಗಪುರದಲ್ಲಿ ಇದ್ದಷ್ಟು ವರ್ಷವೂ ನಾನು ಕನ್ನಡ ಮಾತಾಡಿದ್ದು ಹೆಚ್ಚುಕಡಿಮೆ ಒಬ್ಬರ ಜೊತೆ ಮಾತ್ರ. ನನ್ನ ಗಂಡ ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಸರ್ಕಾರದ ಫ್ಲ್ಯಾಟ್ ಸಿಗಬೇಕಾದರೆ ಅಲ್ಲಿನ ಪೌರರಾಗಿರಬೇಕು ಎಂದಾಗ ಅವರೇ ಅರ್ಜಿ ತಂದು, "ಒಂದು ಕಾಗದ ತಾನೆ, ನಾವೇನು ಬೇರೆಯವರಾಗ್ತೀವಾ," ಎಂದಿದ್ದರು. ನಾನು ತೋರಿಸಿದ ಕಡೆ ಸಹಿ ಹಾಕಿದೆ. ನಮಗೆ ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಲಿಫ್ಟಿನ ಮುಂದೆಯೇ ಕುಸಿದು ಕೂತರು, ಆಸ್ಪತ್ರೆ ತಲುಪಲಿಲ್ಲ. ಆಮೇಲೆ ಎರಡು ವರ್ಷ ಹನ್ನೊಂದನೇ ಮಹಡಿಯಲ್ಲಿ ಒಬ್ಬಳೇ ಇದ್ದೆ. ಕೊನೆಗೆ ತಮ್ಮನಿಗೆ ಕಾಗದ ಬರೆದೆ. "ಬಂದ್ಬುಡಕ್ಕ" ಎಂದು ಅವನು ಉತ್ತರ ಬರೆದ.

ಹೀಗೆ ನಾನು ಹುಟ್ಟಿದ ಜಿಲ್ಲೆಯಲ್ಲಿ ವಿದೇಶಿಯಳಾಗಿ ನೋಂದಣಿ ಮಾಡಿಸಿಕೊಂಡೆ. ವಿಳಾಸ ಎಂಬಲ್ಲಿ ಬಾಳ್ಳುಪೇಟೆಯಿಂದ ಎರಡು ಮೈಲಿ ಒಳಗಿದ್ದ ತಮ್ಮನ ಮನೆ. ಹೆಡ್ ಕಾನ್‌ಸ್ಟೇಬಲ್ ಇಲ್ಲಿ ವಾಸವಿರಲು ಕೊಡುವ ಪರ್ಮಿಟ್ಟಿನ ಪುಸ್ತಕಕ್ಕೆ ನನ್ನ ಫೋಟೋ ಅಂಟಿಸುತ್ತಾ ಕಾನೂನು ಹೇಳಿದರು.

"ನೀವು ಎಲ್ಲಿಗೆ ಬೇಕಾದ್ರೂ ಹೋಗಿ, ಬ್ಯಾಡ ಅನ್ನಲ್ಲ. ಆದ್ರೆ ಈ ಅಡ್ರೆಸ್ ಬುಟ್ಟು ಎಂಟು ವಾರ, ಅದಕ್ಕಿಂತ ಜಾಸ್ತಿ ಹೋಗೋದಾದ್ರೆ ಹೊರಡೋಕೆ ಮುಂಚೆ ನಮಗೆ ತಿಳಿಸ್ಬೇಕು. ಎಲ್ಲಿಗೆ ಹೋಗ್ತೀನಿ, ಯಾವಾಗ ಬತ್ತೀನಿ ಅಂತ. ಬೇರೆ ಜಿಲ್ಲೇಲಿ ಎಂಟು ವಾರ ದಾಟಿದ್ರೆ ಅಲ್ಲಿನೋರಿಗೂ ಹೇಳ್ಬೇಕು. ವಾಪಸ್ ಬಂದ್ಮೇಲೆ ಬಂದಿದೀನಿ ಅಂತ ಇನ್ನೊಂದು ಕಾಗದ."

"ನಮ್ಮಕ್ಕ ಎಲ್ಲಿಗೂ ಹೋಗಲ್ಲ ಬುಡಿ ಸಾರ್," ಎಂದ ತಮ್ಮ.

ತಮ್ಮನ ಮನೆಯಲ್ಲಿ ನನಗೆ ಕೊಟ್ಟದ್ದು ಜಗುಲಿಯ ಪಕ್ಕದ ಕೋಣೆ. ಒಂದು ಗೋಡೆಗೆ ಮೆಣಸಿನ ಚೀಲ, ಇನ್ನೊಂದು ಗೋಡೆಗೆ ನನ್ನ ಮಂಚ, ಅದರಡಿ ಎರಡು ಸೂಟ್‌ಕೇಸು. ತಮ್ಮನ ಹೆಂಡತಿ ಒಳ್ಳೆಯವಳು. ನನಗೆ ಕಷ್ಟವಾದದ್ದು ಅದರಿಂದಲೇ. ಮೊದಲ ತಟ್ಟೆ ನನಗೇ ಬಡಿಸುತ್ತಿದ್ದಳು. ನಾನು ಪೊರಕೆ ಹಿಡಿದರೆ ಕೈಯಿಂದ ಕಿತ್ತುಕೊಂಡು, "ನೀವ್ ಕೂತ್ಕಳಿ," ಎನ್ನುತ್ತಿದ್ದಳು. ಮೊದಲ ಕೆಲವು ತಿಂಗಳು ನೆಂಟರು ನೋಡಲು ಬಂದರು, ಆಮೇಲೆ ನಿಂತರು. ಊಟದ ಹೊತ್ತಿಗೆ ಮನೆಯವರು ಯಾರ್ಯಾರದೋ ತೋಟ, ಯಾರ್ಯಾರದೋ ಜಗಳದ ಸುದ್ದಿ ಮಾತಾಡುತ್ತಿದ್ದರು. "ಅದ್ಯಾರು?" ಎಂದು ನಾನು ಕೇಳಿದರೆ ವಿವರಿಸಲು ಮೂರು ತಲೆಮಾರು ಹಿಂದಕ್ಕೆ ಹೋಗಬೇಕು. ಒಂದೆರಡು ಸಲ ಹೇಳಿದರು. ಆಮೇಲೆ ನಾನೇ ಕೇಳುವುದನ್ನು ಬಿಟ್ಟೆ. ಹೂಂ ಎನ್ನುತ್ತಾ ಉಣ್ಣುವುದು ರೂಢಿಯಾಯಿತು.

ನನ್ನ ಅಕ್ಕ ಇದ್ದದ್ದು ವನಗೂರಿನಿಂದಾಚೆ. ನಾನು ವಾಪಸು ಬಂದ ಮರುವರ್ಷ ಅವಳು ಕಾಫಿ ಒಣಗಿಸುವ ಕಣದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯಲ್ಲಿ ಅವಳ ಗಂಡನ ಹೊರತು ಬೇರೆ ಯಾರೂ ಇರಲಿಲ್ಲ. ಹದಿನೈದು ದಿನ ಇದ್ದು ಬರುತ್ತೇನೆ ಎಂದು ನಾನು ಒಂದು ಕೈಚೀಲ ಹಿಡಿದು ಹೊರಟೆ. ವನಗೂರಿನಲ್ಲಿ ಬಸ್ಸಿಳಿದು ಜೀಪು ಹತ್ತಿದೆ. ಇಳಿಜಾರಿನ ಕೊನೆಗೆ ಒಂದು ಹಳ್ಳ, ಅದರ ಮೇಲೆ ಮೋರಿ. ಅದನ್ನು ದಾಟುವಾಗ ಜೀಪಿನವನು, "ಇಲ್ಲಿಂದಾಚೆ ಕೊಡಗು," ಎಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನನ್ನು ನಾನು ಮೀಯಿಸಿದೆ, ತಲೆ ಬಾಚಿದೆ, ಹಾಸಿಗೆ ಮಗುಚಿದೆ. ಅವಳು ನನ್ನನ್ನು ಒಂದು ದಿನವೂ ಸಿಂಗಪುರದ ಬಗ್ಗೆ ಕೇಳಲಿಲ್ಲ. ನಾನು ಎಲ್ಲಿಗೂ ಹೋಗೇ ಇಲ್ಲವೇನೋ ಎಂಬಂತೆ, ಬಾಲ್ಯದಲ್ಲಿ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದ ಮಾತು ಮುಂದುವರಿಸಿದಳು. ಸಾರಿಗೆ ಉಪ್ಪು ಕಡಿಮೆಯಾದರೆ ಬೈಯುತ್ತಿದ್ದಳು. ಬೈಸಿಕೊಂಡು ನನಗೆ ಎಷ್ಟು ಹಿತವಾಗುತ್ತಿತ್ತು ಎಂದರೆ ಒಂದೊಂದು ದಿನ ಬೇಕೆಂದೇ ಉಪ್ಪು ಕಡಿಮೆ ಹಾಕಿದ್ದೂ ಉಂಟು.

ಹದಿನೈದು ದಿನ ತಿಂಗಳಾಯಿತು. ಒಂದು ಮಧ್ಯಾಹ್ನ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ. ಏಳು ವಾರ ಆಗುತ್ತಾ ಬಂದಿತ್ತು. ಅಕ್ಕನಿಗೆ ಹೇಳಿದೆ.

"ಅದೆಂಥ ಕಾನೂನು ಮಾರಾಯ್ತಿ," ಎಂದಳು ಅವಳು. "ಅಕ್ಕನ ಮನೇಲಿ ತಂಗಿ ಇರೋಕೆ ಪೊಲೀಸ್ನೋರ್ನ ಕೇಳ್ಬೇಕಾ?"

ಒಂದು ರಿಜಿಸ್ಟರ್ಡ್ ಕಾಗದ ಹಾಕಿದ್ದರೆ ಮುಗಿಯುತ್ತಿತ್ತು. ಆಗ ಅದು ತೋಚಲಿಲ್ಲ. ಬರೆದರೆ ಕರೆಸುತ್ತಾರೆ, ಕರೆಸಿದರೆ ಪರ್ಮಿಟ್ ಕಿತ್ತುಕೊಳ್ಳುತ್ತಾರೆ ಎಂದು ಹೆದರಿದೆ. ಬದಲಿಗೆ ನನ್ನದೇ ಒಂದು ಉಪಾಯ ಹೂಡಿದೆ. ನೋಂದಾಯಿತ ವಿಳಾಸಕ್ಕೆ ಹೋಗಿ ಎರಡು ರಾತ್ರಿ ಮಲಗಿ ಬಂದರೆ ಎಂಟು ವಾರ ಮೊದಲಿನಿಂದ ಶುರುವಾಗುತ್ತದಲ್ಲ. ಪಕ್ಕದ ಮನೆಯ ಹೆಂಗಸನ್ನು ಅಕ್ಕನ ಹತ್ತಿರ ಬಿಟ್ಟು ಹೊರಟೆ.

ತಮ್ಮನ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, "ಅಯ್ಯೋ, ಒಂದ್ ಮಾತು ಹೇಳಿ ಕಳ್ಸೋದಲ್ವಾ," ಎಂದಳು. ನನ್ನ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯಿತು. ಒಳಗೆ ಆ ವರ್ಷದ ಮೆಣಸು, ಕಾಫಿ ಎಲ್ಲ ಮಾಡಿನವರೆಗೂ ಪೇರಿಸಿದ್ದರು. ಮಂಚವನ್ನು ನಿಲ್ಲಿಸಿ ಗೋಡೆಗೆ ಒರಗಿಸಿದ್ದರು. ಸೂಟ್‌ಕೇಸುಗಳು ಅಟ್ಟಕ್ಕೆ ಹೋಗಿದ್ದವು. ಅವರದೇನೂ ತಪ್ಪಲ್ಲ, ಖಾಲಿ ಕೋಣೆ ಇದ್ದರೆ ಯಾರಾದರೂ ಅದನ್ನೇ ಮಾಡುತ್ತಾರೆ. ನನಗೆ ನಡುಮನೆಯಲ್ಲಿ ಚಾಪೆ ಹಾಸಿದರು.

ಊಟಕ್ಕೆ ಕೂತಾಗ ತಮ್ಮ ಕೇಳಿದ: "ಎಷ್ಟು ದಿನ ಇರ್ತೀಯಕ್ಕ?"

ಅದರಲ್ಲಿ ಕೊಂಕು ಇರಲಿಲ್ಲ. ಬಂದ ನೆಂಟರನ್ನು ಎಲ್ಲರೂ ಕೇಳುವ ಮಾತು. "ಎರಡು ದಿನ," ಎಂದೆ.

ಆಮೇಲೆ ಅವನು ಹೇಳಿದ: "ಹೋದ ವಾರ ಠಾಣೆಯಿಂದ ಪೊಲೀಸ್ ಬಂದಿದ್ದ, ನೀನು ಇದೀಯಾ ಅಂತ ನೋಡೋಕೆ. ಹೋಗ್ಬುಟ್ಟವ್ಳೆ ಅಂದೆ. ಎಲ್ಲಿಗೆ ಅಂದ. ವನಗೂರ್ ಕಡೆ ಅಂದೆ. ಯಾವಾಗ ಬತ್ತಾರೆ ಅಂದ. ಗೊತ್ತಿಲ್ಲ ಅಂದೆ." ತಟ್ಟೆಯಲ್ಲಿ ಅನ್ನ ಕಲಸುತ್ತಾ ಮತ್ತೆ, "ಮಗಳಿಗೆ ಗಂಡು ನೋಡ್ತಾ ಇದೀವಿ ಕಣಕ್ಕ. ಮನೆ ಮುಂದೆ ಪೊಲೀಸ್ ಬೈಕ್ ನಿಂತ್ರೆ ಊರೋರು ಒಂದಕ್ಕೆ ಎರಡು ಸೇರಿಸ್ತಾರೆ," ಎಂದ. ತಲೆ ಎತ್ತಲಿಲ್ಲ. ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗಲೂ ಹೀಗೇ ತಲೆ ತಗ್ಗಿಸುತ್ತಿದ್ದ.

"ಆಯ್ತು ಬುಡಪ್ಪ. ಬೇರೆ ನೋಡ್ಕತೀನಿ," ಎಂದೆ. ತಮ್ಮನ ಹೆಂಡತಿ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಬೆಳಿಗ್ಗೆ ಎದ್ದು ಹಾಸನದ ಬಸ್ಸು ಹತ್ತಿದೆ. ಹೆಡ್ ಕಾನ್‌ಸ್ಟೇಬಲ್ ಮುಂದೆ ಕೂತು, ಕದ್ದು ಸಿಕ್ಕಿಬಿದ್ದವಳ ಹಾಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಎಂಟು ವಾರ ಆಗೇ ಇಲ್ವಲ್ಲಮ್ಮ. ಯಾಕೆ ಹೆದರ್ತೀರಿ? ಒಂದು ಕಾಗದ ಬರ್ದಿದ್ರೆ ಮುಗೀತಿತ್ತು." ಬಿಳಿ ಹಾಳೆ, ಪೆನ್ನು ಕೊಟ್ಟರು. ಹೋಗುವ ಊರು, ಕಾರಣ ಬರೆದೆ. ಹಿಂದಿರುಗುವ ದಿನಾಂಕ ಎಂಬಲ್ಲಿ ಕೈ ನಿಂತಿತು. "ಅಂದಾಜಿಗೆ ಬರೀರಿ," ಎಂದರು.

"ಈ ಅಡ್ರೆಸ್ ಬದಲಾಯಿಸ್ಬೌದಾ?" ಎಂದು ಕೇಳಿದೆ.

"ಬದಲಾಯಿಸ್ಬೌದು. ಎಲ್ಲಿಗೆ?"

ಅವರು ರಿಜಿಸ್ಟರ್ ತೆರೆದಿಟ್ಟುಕೊಂಡು ಕಾದರು. ನಾನು ಅವರ ಹಿಂದಿನ ಬೀರುವನ್ನು ನೋಡುತ್ತಾ ಕೂತೆ. ಕೊನೆಗೆ ಅವರೇ ರಿಜಿಸ್ಟರ್ ಮುಚ್ಚಿದರು. "ಅಡ್ರೆಸ್ ಇಲ್ದೆ ಪರ್ಮಿಟ್ ಇಲ್ಲ ಕಣಮ್ಮ. ಅಕ್ಕನ್ನ ನೋಡ್ಕಂಡು ಬನ್ನಿ. ಆಮೇಲೆ ಎಲ್ಲಾದ್ರೂ ಒಂದು ರೂಮು ಹಿಡೀರಿ. ಬಾಡಿಗೆ ಚೀಟಿ ತಂದ್ರೆ ನಾನು ಬರ್ಕೊಡ್ತೀನಿ."

ಕೊಡಗಿನ ಪೊಲೀಸರಿಗೂ ಒಂದು ಕಾಗದ ಹಾಕಿ ಅಕ್ಕನ ಹತ್ತಿರ ಹಿಂದಿರುಗಿದೆ. ಅವಳು ಮತ್ತೆ ಏಳಲಿಲ್ಲ. ಎದೆಗೆ ಕಫ ಕಟ್ಟಿ, ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಳು. ತಿಥಿಯ ಕೆಲಸಗಳೆಲ್ಲ ಮುಗಿದ ಮೇಲೆ ಭಾವ ನನ್ನನ್ನು ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನೇ ಚೀಲ ಕಟ್ಟಿಕೊಂಡೆ. ಹಾಸನಕ್ಕೆ ಹೋಗಿ, ಹಿಂದಿರುಗಿ ಬಂದಿದ್ದೇನೆ ಎಂದು ಬರೆದು ಕೊಟ್ಟೆ. ಹೋದ ಕಾರಣ ಎಂಬ ಕಡೆ ಹಿಂದಿನ ಸಲದಂತೆ 'ಅಕ್ಕನ ಆರೈಕೆ' ಎಂದೇ ಬರೆದೆ. ಅವಳು ಸತ್ತದ್ದನ್ನು ಬರೆಯಲು ಆ ಕಾಗದದಲ್ಲಿ ಜಾಗ ಇರಲಿಲ್ಲ.

ಬಾಳ್ಳುಪೇಟೆಯಲ್ಲಿ ಹೆದ್ದಾರಿಗೇ ಮುಖ ಮಾಡಿದ್ದ ಒಂದು ಕಟ್ಟಡ. ಕೆಳಗೆ ಟೈರ್ ಅಂಗಡಿ, ಮೇಲೆ ಎರಡು ರೂಮು. ಒಂದರಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಇನ್ನೊಂದನ್ನು ನಾನು ಹಿಡಿದೆ. ಮಂಗಳೂರಿನ ಕಡೆ ಹೋಗುವ ಲಾರಿಗಳು ಕಿಟಕಿಯ ಕೆಳಗೇ ನಿಲ್ಲುತ್ತಿದ್ದವು. ಡ್ರೈವರುಗಳು ಟೀ ಕುಡಿದು, ಟೈರ್ ಒದ್ದು ನೋಡಿ ಹೋಗುತ್ತಿದ್ದರು. ಅವರಲ್ಲಿ ಒಬ್ಬರ ಮುಖವೂ ನಾನು ಎರಡನೇ ಸಲ ಕಂಡ ನೆನಪಿಲ್ಲ.

ವರ್ಷಕ್ಕೊಮ್ಮೆ ಪರ್ಮಿಟ್ ಮುಂದುವರಿಸುವ ಮುಂಚೆ ಠಾಣೆಯಿಂದ ಪೇದೆ ಬರುತ್ತಿದ್ದ. ನಾನು ಎದುರಿಗೇ ನಿಂತಿದ್ದರೂ ನಿಯಮದಂತೆ ಅಕ್ಕಪಕ್ಕದವರನ್ನು ಕೇಳಬೇಕು. ಮೊದಲ ವರ್ಷ ಹೊಲಿಗೆಯವಳನ್ನು ಕೇಳಿದ: "ಇವರು ಇಲ್ಲೇ ಇರ್ತಾರಾ?"

"ಇಲ್ಲೇ ಇರ್ತಾರೆ ಕಣ್ರೀ. ಎಲ್ಲೂ ಹೋಗಲ್ಲ, ಯಾರೂ ಬರಲ್ಲ," ಎಂದಳು ಅವಳು, ನನಗೆ ಒಳ್ಳೆಯದಾಗಲಿ ಎಂದೇ. ಪೇದೆ ಅದನ್ನು ಹಾಗೆಯೇ ಬರೆದುಕೊಂಡ. ನಾನು ಅವನಿಗೆ ಟೀ ಮಾಡಿಕೊಟ್ಟೆ. ಎರಡು ಲೋಟಕ್ಕೆ ಎಷ್ಟು ಸಕ್ಕರೆ ಹಾಕಬೇಕೆಂಬುದು ಕೈಗೆ ಮರೆತುಹೋಗಿತ್ತು.

ಹೊಲಿಗೆಯವಳ ಆ ಮಾತು ನನ್ನನ್ನು ಚುಚ್ಚಿತೋ ಏನೋ, ನಾನು ತಿರುಗಾಡಲು ಶುರು ಮಾಡಿದೆ. ಧರ್ಮಸ್ಥಳಕ್ಕೆ ನಾಲ್ಕು ದಿನ, ಮೈಸೂರಿಗೆ ಒಂದು ವಾರ, ಉಡುಪಿಗೆ ಹತ್ತು ದಿನ. ಪ್ರತಿ ಸಲವೂ ಹೊರಡುವ ಮುಂಚೆ ಹಾಸನಕ್ಕೆ ಒಂದು ಕಾಗದ ಬರೆದು ಅಂಚೆಗೆ ಹಾಕುತ್ತಿದ್ದೆ. ಯಾವ ಛತ್ರ, ಯಾವ ಬಸ್ಸು, ಯಾವ ದಿನ ವಾಪಸು ಎಂದು. ಬಂದ ಮೇಲೆ ಬಂದೆ ಎಂದು ಇನ್ನೊಂದು.

ಮುಂದಿನ ಸಲ ಹೋದಾಗ ಹೆಡ್ ಕಾನ್‌ಸ್ಟೇಬಲ್ ನನ್ನ ಫೈಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. "ನಾಕು ದಿನಕ್ಕೆಲ್ಲಾ ಬರೀಬೇಕಿಲ್ಲ ಕಣಮ್ಮ. ಕಾನೂನಲ್ಲಿ ಹಂಗೇನಿಲ್ಲ. ನೋಡಿ ಎಷ್ಟು ದಪ್ಪ ಆಗೈತೆ."

ನನಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು. ಹೇಳಿ ಹೋಗಲು ಬೇರೆ ಯಾರೂ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಹೇಗೆ. ಸೆರಗಿನ ತುದಿ ಸುತ್ತುತ್ತಾ ಕೂತೆ. ಅವರು ಫೈಲಿನ ದಾರ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು.

"ಬರೆದ್ರೂ ಪರವಾಗಿಲ್ಲ ಬುಡಿ," ಎಂದರು. "ನಾನು ಓದ್ತೀನಿ."

ಭಾರತದ ಪೌರತ್ವಕ್ಕೆ ಮತ್ತೆ ಅರ್ಜಿ ಹಾಕಿ ಎಂದು ಹೇಳಿಕೊಟ್ಟವರೂ ಅವರೇ. ಅದಕ್ಕೆ ಇಂತಿಷ್ಟು ವರ್ಷ ಎಂದು ಇಲ್ಲಿ ವಾಸವಾಗಿರಬೇಕಿತ್ತು, ಆಮೇಲೆ ಅರ್ಜಿ ಊರೂರು ಸುತ್ತಬೇಕಿತ್ತು. ಸಿಂಗಪುರದ ಪಾಸ್‌ಪೋರ್ಟನ್ನು ಬಿಟ್ಟುಕೊಡುವಾಗ ಯೋಚಿಸದೆ ಇರಲಿಲ್ಲ. ನನ್ನ ಗಂಡ ತಂದ ಅರ್ಜಿಯಿಂದ ಬಂದದ್ದು ಅದು. ಅವರ ಬೂದಿ ಬಿಟ್ಟ ನೀರು ಆ ದೇಶದ್ದು. ಆದರೂ ಕೊಟ್ಟೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರತಿಜ್ಞೆಯ ಹಾಳೆಯನ್ನು ಗಟ್ಟಿಯಾಗಿ ಓದಿಸಿದರು. ನಾನು ತಡವರಿಸದೆ ಓದಿದೆ. ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಆಗಿತ್ತು.

ಪರ್ಮಿಟ್ ಪುಸ್ತಕ ಹಿಂದಿರುಗಿಸಲು ಹೋದಾಗ ಮೇಜಿನ ಹಿಂದೆ ಬೇರೆಯವರಿದ್ದರು. ಹಳಬರು ನಿವೃತ್ತರಾಗಿ ಅರಸೀಕೆರೆ ಕಡೆ ಹೋಗಿಬಿಟ್ಟಿದ್ದರು. ಹೊಸಬರು ಪುಸ್ತಕ ತೆಗೆದುಕೊಂಡು, ಫೈಲಿನೊಳಗೆ ಇಟ್ಟು, ಫೈಲನ್ನು ಬೀರುವಿನ ಕೆಳಗಿನ ಖಾನೆಗೆ ಸೇರಿಸಿದರು. "ಇನ್ಮೇಲೆ ನೀವು ಬರೋದು ಬೇಕಿಲ್ಲ," ಎಂದರು.

ತಮ್ಮನ ಮಗಳಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಅವನೂ ಹೆಂಡತಿಯೂ ಒಂದು ದಿನ ರೂಮಿಗೆ ಬಂದು, "ಈಗ ಯಾವ ತಾಪತ್ರಯವೂ ಇಲ್ವಲ್ಲ, ಮನೆಗೆ ಬಂದ್ಬುಡು," ಎಂದು ಕರೆದರು. ಹಬ್ಬಕ್ಕೆ ಹೋದೆ. ಮಂಚ ಹಾಕಿಸಿದ್ದರು. ಎರಡು ದಿನ ಇದ್ದು ಸಂತೋಷವಾಗಿಯೇ ವಾಪಸು ಬಂದೆ. ಈಗಲೂ ಹಾಗೆಯೇ ಹೋಗಿ ಬರುತ್ತೇನೆ.

ಪೌರತ್ವ ಸಿಕ್ಕಮೇಲಿನ ಮೊದಲ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಬಾಳ್ಳುಪೇಟೆಯ ಶಾಲೆಯಲ್ಲಿ ಸಾಲಿನಲ್ಲಿ ನಿಂತೆ. ಮೇಜಿನ ಹಿಂದಿದ್ದ ಮೇಷ್ಟ್ರು ನನ್ನ ಚೀಟಿ ನೋಡಿ, ಪಟ್ಟಿಯ ಮೇಲೆ ಬೆರಳು ಆಡಿಸಿ, ಪಕ್ಷಗಳ ಏಜೆಂಟರಿಗೆ ಕೇಳಿಸಲೆಂದು ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದರು. ಆ ಹೆಸರಿನವರು ಅದೇ ಪಟ್ಟಿಯಲ್ಲಿ ಮೂವರು ಇದ್ದರು. "ಯಾವುದು ಮೇಷ್ಟ್ರೆ?" ಎಂದು ಏಜೆಂಟನೊಬ್ಬ ಕೇಳಿದ. ಮೇಷ್ಟ್ರು ಆಗ ನನ್ನ ಗಂಡನ ಹೆಸರನ್ನು ಓದಿ ಹೇಳಿದರು, ಅವರ ಅಪ್ಪನ ಹೆಸರಿನ ಮೊದಲಕ್ಷರವನ್ನೂ ಸೇರಿಸಿ, ನಿಧಾನವಾಗಿ.

ಗಂಡನ ಹೆಸರನ್ನು ನಾನು ಎಂದೂ ಬಾಯಲ್ಲಿ ಹೇಳಿದವಳಲ್ಲ, ಬರೆದದ್ದಷ್ಟೇ. ಊರಿಗೆ ಬಂದಮೇಲೆ ಇನ್ನೊಬ್ಬರ ಬಾಯಲ್ಲೂ ಕೇಳಿರಲಿಲ್ಲ. ತಮ್ಮನಿಗೆ ಅವರು ಬರೀ ಭಾವ ಆಗಿದ್ದರು. ಏಜೆಂಟರು ಮೂವರೂ ತಮ್ಮ ತಮ್ಮ ಹಾಳೆಯಲ್ಲಿ ಆ ಹೆಸರನ್ನು ಹುಡುಕಿ ಗೆರೆ ಎಳೆದರು.

"ಮುಂದಕ್ಕೆ ಹೋಗಿ ಅಮ್ಮ," ಎಂದರು ಮೇಷ್ಟ್ರು. ಶಾಯಿ ಹಾಕುವ ಹುಡುಗಿ ನನ್ನ ಬೆರಳಿಗಾಗಿ ಕೈ ಚಾಚಿ ಕಾಯುತ್ತಿದ್ದಳು.