ಮೈಕ್ ಇಳಿಸಿದಾಗ ಕೇಳಿಸಿದ್ದು

ಎರಡನೇ ಚರಣದ ನಡುವೆ ಕೆಮ್ಮು ಬಂತು. ಮೈಕನ್ನು ಪಕ್ಕಕ್ಕೆ ಹಿಡಿದು ಕೆಮ್ಮುವಾಗಲೇ ನನಗದು ಕೇಳಿಸಿದ್ದು. ಮುಂದಿನ ಸಾಲಿನ ಹೆಂಗಸರು ನಾನು ಕನ್ನಡದಲ್ಲಿ ಎತ್ತಿಕೊಂಡ ಹಾಡನ್ನು ತಮಿಳಿನಲ್ಲಿ ಹಾಡುತ್ತಿದ್ದರು. ಹಿಂದಿನ ಬೆಂಚುಗಳಿಂದ ತೆಲುಗು ಬರುತ್ತಿತ್ತು. ರಾಗ ಮಾತ್ರ ಒಂದೇ.

ಅದು ಭದ್ರಾವತಿಯ ಒಂದು ಚರ್ಚ್. ಅಲ್ಲಿ ಹಾಡು ನಡೆಸುವವರಿಗೆ ಹುಷಾರಿಲ್ಲವೆಂದು ಆ ಭಾನುವಾರದ ಆರಾಧನೆಗೆ ಶಿವಮೊಗ್ಗದಿಂದ ನನ್ನನ್ನು ಕರೆಸಿದ್ದರು. ಎಲ್ಲರೂ ನನ್ನ ಹಿಂದೆ ಕನ್ನಡದಲ್ಲೇ ಹಾಡುತ್ತಿದ್ದಾರೆ ಎಂದುಕೊಂಡಿದ್ದವನಿಗೆ ಗಾಬರಿಯಾಯಿತು. ನಿಲ್ಲಿಸುವಂತೆ ಕೀಬೋರ್ಡಿನವನಿಗೆ ಕೈಸನ್ನೆ ಮಾಡಿದೆ.

ಮುಂದೆ ನಿಂತಿದ್ದ ವಯಸ್ಸಾದ ಆಂಟಿಯೊಬ್ಬರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಿಲ್ಲಿಸ್ಬೇಡಪ್ಪ. ನಾವು ಯಾವಾಗ್ಲೂ ಹಿಂಗೇ ಹಾಡೋದು. ನಿನ್ ಮೈಕ್ ಜೋರಿತ್ತು, ನಿಂಗೆ ಕೇಳಿಸ್ಲಿಲ್ಲ ಅಷ್ಟೇ" ಎಂದರು. ಮರುಕ್ಷಣವೇ ತಮ್ಮ ತಮಿಳಿಗೆ ಮರಳಿದರು. ಉಳಿದ ಚರಣಗಳನ್ನು ನಾನು ಮೈಕಿಲ್ಲದೆ ಹಾಡಿದೆ.

ಮುಂದಿನ ಭಾನುವಾರ ಶಿವಮೊಗ್ಗದ ದುರ್ಗಿಗುಡಿ ಹತ್ತಿರದ ನಮ್ಮ ಸ್ವಂತ ಚರ್ಚಿನ ಸಭೆಯಲ್ಲೂ ಕೊನೆಯ ಚರಣಕ್ಕೆ ಮೈಕ್ ಇಳಿಸಿ ನೋಡಿದೆ. ನನ್ನ ಕಂಠವನ್ನು ಎಲ್ಲರೂ ಹೊಗಳುವ ಸಭೆ ಅದು. ಕೀಬೋರ್ಡ್ ಒಂದೇ ಕೇಳಿಸಿತು. ಜನ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.